ಕಳ್ಳ ಕುಬಸ

ಕುತ್ತಿಗೆಯ ಹಿಂಭಾಗ ಕಪ್ಪಾಗತೊಡಗಿದಾಗ ನನಗೆ ಹದಿನಾಲ್ಕು ವರ್ಷ. ಅವ್ವ ಅದನ್ನು ಕೊಳೆ ಎಂದುಕೊಂಡಳು. ಅಪ್ಪ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ, ಹಾಗಾಗಿ ನಮ್ಮ ಬಚ್ಚಲಿನಲ್ಲಿ ಒಡೆದ ಹಂಚಿನ ಚೂರುಗಳಿಗೆ ಬರವಿರಲಿಲ್ಲ. ಬೇರೆಯವರು ಅದರಿಂದ ಹಿಮ್ಮಡಿ ಉಜ್ಜಿಕೊಂಡರೆ ಅವ್ವ ನನ್ನ ಕುತ್ತಿಗೆ ಉಜ್ಜುತ್ತಿದ್ದಳು. ಚರ್ಮ ಕಿತ್ತು ಉರಿಯುತ್ತಿತ್ತು, ಕಪ್ಪು ಮಾತ್ರ ಜಾಗ ಬಿಡುತ್ತಿರಲಿಲ್ಲ.

"ಎಷ್ಟ ಹೊಲಸ ಅದೀ ನೀ. ಜಳಕಾ ಮಾಡತೀಯೋ, ಬರೇ ನೀರ ಸುರಕೊಂಡ ಬರತೀಯೋ?"

ನಾನು ಅಳುತ್ತಿದ್ದೆ. ಅವಳಿಗೂ ಒಳಗೊಳಗೇ ದಿಗಿಲಿತ್ತೆಂದು ಈಗ ಅನಿಸುತ್ತದೆ. ಏಕೆಂದರೆ ಕುತ್ತಿಗೆಯೊಂದೇ ಅಲ್ಲ, ಗದ್ದದ ಕೆಳಗೆ ಕೂದಲು ಬರುತ್ತಿತ್ತು. ತಿಂದರೂ ತಿನ್ನದಿದ್ದರೂ ಮೈ ಬೆಳೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಚಿಂತೆ ಮುಟ್ಟಿನದು. ಓರಗೆಯ ಹುಡುಗಿಯರಿಗೆ ತಿಂಗಳಿಗೊಮ್ಮೆ ಬರುವುದು ನನಗೆ ನಾಲ್ಕು ತಿಂಗಳಿಗೋ ಆರು ತಿಂಗಳಿಗೋ ಬರುತ್ತಿತ್ತು. ಬಂದರೆ ಹದಿನೈದು ದಿನ ನಿಲ್ಲುತ್ತಿರಲಿಲ್ಲ.

ಈಗ ಇದಕ್ಕೆ ಪಿಸಿಓಎಸ್ ಎಂದು ಹೆಸರಿದೆ. ಕಾಲೇಜು ಹುಡುಗಿಯರು ಸಿಟಿ ಬಸ್ಸಿನಲ್ಲಿ ನಿಂತುಕೊಂಡು ನೆಗಡಿಯ ಮಾತಾಡಿದಂತೆ ಅದರ ಮಾತಾಡುತ್ತಾರೆ. ಕೇಳಿದಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಯಾಕೆ ಹೇಳಲಿ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಆಗ ನಮಗೆ ಇದು ಕಾಯಿಲೆ ಎಂದೂ ಗೊತ್ತಿರಲಿಲ್ಲ. ನನ್ನ ಮೈಯೇ ಹಾಗೆ ಎಂದುಕೊಂಡಿದ್ದೆವು.

ಲಗ್ನದ ಮಾತು ಬಂದಾಗ ಅವ್ವ ನನ್ನನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿದಳು. "ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ. ಗಂಡನ ಮನಿ ನೀರ ಮೈಗೆ ಹತ್ತಿದರ ಎಲ್ಲಾ ಸರಿ ಆಗತೈತಿ." ಆ ನೀರಿನಲ್ಲಿ ಅಂಥ ಔಷಧಿ ಏನಿರುತ್ತದೆ ಎಂದು ನಾನು ಕೇಳಲಿಲ್ಲ. ಕೇಳುವ ವಯಸ್ಸೂ ಅಲ್ಲ, ನಂಬುವುದೇ ಸುಲಭವಾಗಿತ್ತು.

ಗಂಡನ ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ. ಅತ್ತೆ, ನನ್ನ ಗಂಡ, ನಾನು, ಇಷ್ಟೇ ಜನ. ಗಂಡ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೇಥ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ. ನನ್ನ ಮೈಯನ್ನು ಒಂದು ದಿನವೂ ಆಡಿಕೊಂಡವರಲ್ಲ. ಆದರೆ ಅವರ ಒಳ್ಳೆಯತನಕ್ಕೆ ತಾಯಿಯ ಎದುರು ಬಾಯಿ ಇರಲಿಲ್ಲ. ಅವರು ಏಳುವ ಮೊದಲೇ ನಾನೆದ್ದು ಬಚ್ಚಲಿನಲ್ಲಿ ಸಣ್ಣ ಚಿಮಟ ಹಿಡಿದು ಗದ್ದದ ಕೂದಲು ಕೀಳುತ್ತಿದ್ದೆ. ಕಿತ್ತ ಜಾಗಕ್ಕೆ ಅರಿಷಿಣ ಒತ್ತಿ ಹೊರಗೆ ಬಂದರೆ, ಸೊಸೆ ದಿನಾ ಅರಿಷಿಣ ಹಚ್ಚಿಕೊಳ್ಳುತ್ತಾಳೆ, ಲಕ್ಷಣವಂತೆ ಎಂದು ಅತ್ತೆ ಓಣಿಯಲ್ಲಿ ಹೊಗಳುತ್ತಿದ್ದರು.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ, ಮುಟ್ಟಾದವಳು ಮೂಲೆಯಲ್ಲಿ ಕೂಡಬೇಕಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಅತ್ತೆಗೆ ಸೊಸೆಯ ತಿಂಗಳು ತಿಳಿಯಲು ಬೇರೆ ದಾರಿ ಇತ್ತು, ಹಿತ್ತಲಿನ ತಂತಿ. ಹಳೆಯ ಸೀರೆ ಹರಿದು ಮಾಡಿದ ಮುಟ್ಟಿನ ಬಟ್ಟೆಯನ್ನು ಒಗೆದು, ಮೇಲೆ ಪರಕಾರ, ಅಂದರೆ ಒಳಲಂಗ, ಹರವಿ ಮುಚ್ಚಿ ಒಣಗಿಸುತ್ತಿದ್ದೆವು. ಅತ್ತೆ ಕರಿಬೇವು ಹರಿಯುವ ನೆಪದಲ್ಲಿ ಆ ಪರಕಾರದ ಅಂಚೆತ್ತಿ ನೋಡುತ್ತಿದ್ದರು. ಇದು ಗೊತ್ತಾದ ಮೇಲೆ ನಾನು ಒಂದು ಉಪಾಯ ಮಾಡಿದೆ. ತಿಂಗಳಿಗೊಮ್ಮೆ, ಮುಟ್ಟು ಬರಲಿ ಬಿಡಲಿ, ಆ ಬಟ್ಟೆಗಳನ್ನು ಸುಮ್ಮನೆ ನೀರಿನಲ್ಲಿ ಅದ್ದಿ ಹಿಂಡಿ ತಂತಿಗೆ ಹಾಕುತ್ತಿದ್ದೆ. ಬಾರದ ಮುಟ್ಟಿನ ಬಟ್ಟೆ ಒಣಗಿಸಿದ ಹೆಂಗಸು ಬೆಳಗಾವಿಯಲ್ಲಿ ನಾನೊಬ್ಬಳೇ ಇರಬೇಕು.

ಮೂರನೆಯ ವರ್ಷದ ಮಳೆಗಾಲದಲ್ಲಿ ಅದೂ ಸಾಕಾಯಿತು. ಬೆಳಗಾವಿಯ ಮಳೆ ಹಿಡಿದರೆ ಬಿಡುವುದಲ್ಲ, ಉಟ್ಟ ಸೀರೆಯೇ ಒಣಗುತ್ತಿರಲಿಲ್ಲ. ಸುಳ್ಳು ಬಟ್ಟೆಯನ್ನು ಯಾರು ಒಣಗಿಸುತ್ತಾರೆ ಎಂದು ಬೇಸತ್ತು ಬಿಟ್ಟುಬಿಟ್ಟೆ. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. ಒಂದು ಮುಂಜಾನೆ ನಾನು ನೀರಿನ ಕೊಡ ಎತ್ತಲು ಬಗ್ಗಿದರೆ ಅತ್ತೆ ಬಂದು ಕೈಯಿಂದ ಕಸಿದುಕೊಂಡರು.

"ಬಿಡು ನಮ್ಮವ್ವ. ಇನ್ನ ಮ್ಯಾಲ ಭಾರ ಎತ್ತಬ್ಯಾಡ ನೀ."

ಅವರ ಮುಖ ನೋಡಿದೆ. ಮೂರು ವರ್ಷದಲ್ಲಿ ನಾನು ನೋಡಿರದ ಮುಖ ಅದು. ವಿಷಯ ತಿಳಿಯಲು ನನಗೆ ಒಂದು ನಿಮಿಷ ಹಿಡಿಯಿತು. ಆಗಲೇ 'ಇಲ್ಲರಿ ಅತ್ತಿ, ನನಗ ಮೊದಲಿಂದಾನೂ ಹಿಂಗ' ಎಂದು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮರುದಿನ ನನ್ನ ತಾಟಿಗೆ ತುಪ್ಪ ಬಿತ್ತು. ಅದರ ಮರುದಿನ ಗಂಡ ಕೆಲಸದಿಂದ ಬರುತ್ತಾ ಸಿಹಿ ಕುಂದಾ ತಂದರು. ತುಪ್ಪ ತಿಂದವಳು ಯಾವ ಬಾಯಿಂದ ಹೇಳಲಿ?

ನಾಚಿಕೆಯ ಮಾತೆಂದರೆ, ವಾರ ಕಳೆಯುವಷ್ಟರಲ್ಲಿ ನಾನೂ ನಂಬಿದ್ದೆ. ಯಾರಿಗೆ ಗೊತ್ತು, ಈ ಸಲ ಖರೇ ಇದ್ದರೆ? ಒಗ್ಗರಣೆಯ ವಾಸನೆಗೆ ವಾಕರಿಕೆ ಬರತೊಡಗಿತು. ನಾಟಕವಲ್ಲ, ನಿಜವಾಗಿಯೂ ಬರುತ್ತಿತ್ತು. ಹೊಟ್ಟೆ ಮೊದಲೇ ದಪ್ಪ, ಅದರ ಮೇಲೆ ಕೈಯಿಟ್ಟುಕೊಂಡು ಮಾತಾಡುತ್ತಿದ್ದೆ.

ಸುದ್ದಿ ಖಾನಾಪುರಕ್ಕೆ ಹೋಯಿತು. ಅವ್ವ ಓಡಿಬಂದಳು. ಅವಳೊಬ್ಬಳಿಗೇ ನನ್ನ ತಿಂಗಳ ಗುಟ್ಟು ಗೊತ್ತಿದ್ದದ್ದು. ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ನನ್ನ ಗಲ್ಲ ಹಿಡಿದು ಕೇಳಿದಳು.

"ಖರೇ ಏನ? ನನ್ನ ಆಣಿ ಮಾಡಿ ಹೇಳು."

"ಖರೇ, ಅವ್ವಾ" ಎಂದೆ.

ನಮ್ಮ ಕಡೆ ಹೊಟ್ಟೆ ಕಾಣಿಸುವ ಮೊದಲು, ಊರಿಗೆ ಸುದ್ದಿಯಾಗುವ ಮೊದಲು, ತವರಿನವರು ನಾಲ್ಕೇ ಜನ ಸೇರಿಕೊಂಡು ಬಸುರಿಗೆ ಸೀರೆ, ಕುಬಸ ಎಂದರೆ ರವಿಕೆ, ಕೊಟ್ಟು ಉಡಿ ತುಂಬುತ್ತಾರೆ. ಕಣ್ಣು ತಾಕಬಾರದೆಂದು ಗುಟ್ಟಾಗಿ ಮಾಡುವುದರಿಂದ ಅದಕ್ಕೆ ಕಳ್ಳ ಕುಬಸ ಎನ್ನುತ್ತಾರೆ. ಏಳು ತಿಂಗಳಿಗೆ ಊರು ಕರೆದು ಮಾಡುವುದು ಬೇರೆ. ಅವ್ವ ನನಗೆ ಕಳ್ಳ ಕುಬಸ ಮಾಡಿದಳು, ಖಾನಾಪುರದ ಮನೆಯಲ್ಲಿ. ಅತ್ತೆಯೂ ರೈಲಿನಲ್ಲಿ ಜೊತೆಗೆ ಬಂದರು. ಹಸಿರು ಸೀರೆ, ಹಸಿರು ಕುಬಸ, ಕೈತುಂಬ ಹಸಿರು ಬಳೆ. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ. ಗುಟ್ಟು ಎಂದರೂ ಬಾಜೂ ಮನೆಯ ಮರಾಠಿ ಮಾವಶಿಗೆ ಹೋಳಿಗೆಯ ವಾಸನೆ ಸಿಗದಿರುತ್ತದೆಯೇ? ಹಿತ್ತಲ ಬೇಲಿಯಾಚೆಯಿಂದ "ಕಿತವಾ ಮಹಿನಾ ಗ?" ಎಂದು ಕೇಳಿದಳು, ಎಷ್ಟನೆಯ ತಿಂಗಳು ಎಂದು. ನಾನು ನಾಲ್ಕು ಬೆರಳು ತೋರಿಸಿದೆ. ಆ ಹೊತ್ತು ನನ್ನಷ್ಟು ಸುಖಿ ಆ ಊರಿನಲ್ಲಿ ಯಾರೂ ಇರಲಿಲ್ಲ.

ಇಪ್ಪತ್ತು ದಿನಕ್ಕೆ ಮುಟ್ಟು ಬಂತು. ಬಂದದ್ದು ಹೇಗೆ, ಐದು ತಿಂಗಳಿನದು ಒಟ್ಟಿಗೆ ಬಂದಂತೆ ಬಂತು. ಅತ್ತೆ ಅಯ್ಯೋ ಎಂದು ಬಾಯಿ ಬಡಿದುಕೊಂಡು ರಿಕ್ಷಾ ತರಿಸಿ, ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುತ್ತಿದ್ದ ಹೆಂಗಸರ ಡಾಕ್ಟರರ ಹತ್ತಿರ ಕರೆದೊಯ್ದರು. ಗರ್ಭ ಉಳಿಸಿ ಎಂದು ಅವರ ಕೈ ಹಿಡಿದುಕೊಂಡರು. ಡಾಕ್ಟರ್ ಬಾಯಿ ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳುತ್ತಾ ನನ್ನನ್ನೂ ಅತ್ತೆಯನ್ನೂ ನೋಡಿದರು.

"ಉಳಸಾಕ ಏನೂ ಇಲ್ಲರೀ. ಹೊಟ್ಟ್ಯಾಗ ಏನೂ ಇರಲೇ ಇಲ್ಲ."

ಅತ್ತೆ ಮನೆಗೆ ಬಂದು ನೀರು ಕುಡಿದು ಒಂದೇ ಮಾತು ಕೇಳಿದರು. "ಹಡದಾಕಿಗೂ ಗೊತ್ತಿರಲಿಲ್ಲೇನು?" ಅವ್ವನಿಗೆ ಗೊತ್ತಿತ್ತು, ನನ್ನ ಆಣೆ ನಂಬಿ ಮೋಸಹೋದಳು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಅವತ್ತಿನಿಂದ ಅವ್ವ ಆ ಮನೆಯವರ ಲೆಕ್ಕದಲ್ಲಿ ಕಳ್ಳಿಯಾದಳು.

ಓಣಿಯ ನಲ್ಲಿಯ ಹತ್ತಿರ ನನಗೊಂದು ಹೆಸರು ಬಿತ್ತು, ಸುಳ್ಳ ಬಸರಿ. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ನಾನು ಕೊಡ ಹಿಡಿದು ಹೋದರೆ ಮಾತು ನಿಲ್ಲುತ್ತಿತ್ತು, ಒಬ್ಬಳು ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಅವರ ಮೇಲೆ ಸಿಟ್ಟು ಬರುತ್ತಿತ್ತು, ಆದರೆ ನಾನೇ ಆ ಕಡೆ ನಿಂತಿದ್ದರೆ ನಾನೂ ನಗುತ್ತಿದ್ದೆ.

ಆಮೇಲೆ ಬೈಲಹೊಂಗಲದಿಂದ ಅತ್ತೆಯ ತಮ್ಮ ಬರತೊಡಗಿದರು. ಅವರಿಗೆ ಲಗ್ನದ ವಯಸ್ಸಿಗೆ ಬಂದ ಮಗಳಿದ್ದಳು. ನಾನು ಚಹಾ ಕೊಡಲು ಹೋದಾಗ ಅಕ್ಕ ತಮ್ಮ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು, ನಾನು ಒಳಗೆ ಬಂದ ಕೂಡಲೇ ಮಾತು ಮತ್ತೆ ಸುರುವಾಗುತ್ತಿತ್ತು. ಕೊನೆಗೆ ಅತ್ತೆ ನನ್ನೆದುರೇ ಹೇಳಿದರು: ಎರಡು ವರ್ಷ ನೋಡುತ್ತೇನೆ, ಆಗದಿದ್ದರೆ ತಮ್ಮನ ಮಗಳನ್ನು ತರುತ್ತೇನೆ, ನೀನೂ ಇರು, ಅವಳೂ ಇರಲಿ.

ನನ್ನ ಗಂಡ ಊಟದ ತಾಟಿನಿಂದ ತಲೆ ಎತ್ತದೆ, "ಕಾಯದೇ ಒಪ್ಪೂದಿಲ್ಲವ್ವಾ ಅದು" ಎಂದರು. ಬೇಡ ಎನ್ನಲಿಲ್ಲ. ಕಾಯ್ದೆ ಒಪ್ಪುವುದಿಲ್ಲ ಎಂದರು. ಆ ಎರಡು ಮಾತಿನ ನಡುವಿನ ಅಂತರ ನನ್ನನ್ನು ಕೊಂದುಹಾಕಿತು.

ಡಾಕ್ಟರ್ ಬಾಯಿಯೇ ನನಗೆ ಮೊದಲು ಬಿಡಿಸಿ ಹೇಳಿದವರು. ಹೊಟ್ಟೆಯೊಳಗೆ ಎರಡು ಅಂಡಾಶಯ ಇರುತ್ತವೆ, ನಿನ್ನವು ಸಣ್ಣ ಸಣ್ಣ ನೀರಗುಳ್ಳೆ ತುಂಬಿ ದಪ್ಪಗಾಗಿವೆ, ಬೀಜ ಹೊರಗೆ ಬರುತ್ತಿಲ್ಲ. ಕೂದಲು, ಕುತ್ತಿಗೆಯ ಕಪ್ಪು, ಮೈ, ಎಲ್ಲ ಇದರ ಸಂತಾನವೇ. ಮೈ ಇಳಿಸಿದರೆ ಅರ್ಧ ಸರಿಹೋಗುತ್ತದೆ. ಮುಟ್ಟು ನಿಂತಾಗ ತರಿಸಲು ಒಂದು ಚೀಟಿಯಲ್ಲಿ ಗುಳಿಗೆ ಬರೆದುಕೊಟ್ಟರು. ನುಂಗಿದ ವಾರದಲ್ಲಿ ಮುಟ್ಟು ಬರುತ್ತಿತ್ತು.

ಮೈ ಇಳಿಸು ಎಂದದ್ದೇ ತಡ, ಅತ್ತೆ ನನ್ನ ತಾಟಿನ ಯಜಮಾನಿಕೆ ವಹಿಸಿಕೊಂಡರು. ಒಂದು ರೊಟ್ಟಿ, ಬೇಯಿಸಿದ ಪಲ್ಯ. ಹಸಿವಿನಿಂದ ಕಣ್ಣು ಕತ್ತಲೆ ಬಂದು ಹಿಟ್ಟಿನ ಡಬ್ಬಿಯ ಹತ್ತಿರ ಕೂತು ಒಣ ಹಿಟ್ಟು ಮುಕ್ಕಿದ್ದೇನೆ. ಆರು ತಿಂಗಳಲ್ಲಿ ಇಳಿದದ್ದು ನನ್ನ ಮುಖ ಮಾತ್ರ. "ಕದ್ದ ತಿಂತಾಳ" ಎಂದು ಅತ್ತೆ ಡಾಕ್ಟರ್ ಬಾಯಿಗೆ ದೂರು ಹೇಳಿದರು. ಆಗ ನಾನು ಸಾಯುವ ಯೋಚನೆ ಮಾಡಿದ್ದೇನೆ. ಇಷ್ಟು ಮೈ ಹೊತ್ತವಳನ್ನು ಬಾವಿಯಿಂದ ಎತ್ತಲು ಓಣಿಯವರೆಲ್ಲ ಸೇರಬೇಕಾಗುತ್ತದಲ್ಲ ಎಂಬ ನಾಚಿಕೆಗೆ ಆ ಯೋಚನೆ ಬಿಟ್ಟೆ.

ಕೊನೆಗೆ ಉಳಿದದ್ದು ಆಪರೇಷನ್. ಹೊಟ್ಟೆ ಕೊಯ್ದು, ಎರಡೂ ಅಂಡಾಶಯದಿಂದ ಕಲ್ಲಂಗಡಿಯ ಹೋಳಿನಂತೆ ಒಂದೊಂದು ತುಂಡು ತೆಗೆದು ಹೊಲಿಯುವುದು. ಕೆಲವರಿಗೆ ಅದರಿಂದ ತಿಂಗಳು ಸರಿಹೋಗಿ ಗರ್ಭ ನಿಂತಿದೆ, ಕೆಲವರಿಗೆ ಸ್ವಲ್ಪ ದಿನದ ನಂತರ ಮತ್ತೆ ಮೊದಲಿನಂತೆಯೇ ಆಗಿದೆ ಎಂದು ಡಾಕ್ಟರ್ ಬಾಯಿ ನೇರವಾಗಿಯೇ ಹೇಳಿದರು. ಮತ್ತೆ ಮೊದಲಿನಂತೆ ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ಮುಂದೆ ನನ್ನನ್ನು ಹಾಳು ಮಾಡಿದ್ದೂ ಅದೇ.

ಎಚ್ಚರವಾದಾಗ ಹೊಟ್ಟೆಯ ಮೇಲೆ ಕೆಂಡ ಸುರಿದಂತೆ ಉರಿಯುತ್ತಿತ್ತು. ಮಂಚದ ಹತ್ತಿರ ಅತ್ತೆಯ ದನಿ ಕೇಳಿಸಿತು.

"ಹೆಂಗೂ ಹೊಟ್ಟಿ ಕೊಯ್ದಿದ್ರೆಲ್ಲಾ ಡಾಕ್ಟರ್ ಬಾಯಾರ, ಒಂದೀಟ ಕೊಬ್ಬೂ ತಗದ ಬಿಡಬೇಕಾಗಿತ್ತಲ್ಲರೀ?"

ಡಾಕ್ಟರ್ ಬಾಯಿ ನಕ್ಕರು. "ಪರದೇಶದಾಗ ಅದನ್ನೂ ಮಾಡಾಕತ್ತಾರಂತ್ರಿ, ಜಠರಾನ ಸಣ್ಣದು ಮಾಡಿ ಹೊಲಿತಾರಂತ. ನಮ್ಮ ಕಡೆ ಇನ್ನೂ ಬಂದಿಲ್ಲ."

ಬಾಯಿ ಒಣಗಿ ಮಾತು ಹೊರಡುತ್ತಿರಲಿಲ್ಲ. ಇಲ್ಲದಿದ್ದರೆ ಅದನ್ನೂ ಈಗಲೇ ಮಾಡಿಬಿಡಿ, ಏನೇನು ಕೊಯ್ಯಲು ಬರುತ್ತದೋ ಎಲ್ಲ ಕೊಯ್ದುಬಿಡಿ ಎನ್ನುತ್ತಿದ್ದೆ. ಅಷ್ಟು ಹತಾಶಳಾಗಿದ್ದೆ.

ಹೊಲಿಗೆ ಬಿಚ್ಚಿ ಮನೆಗೆ ಬಂದ ಮೇಲೆ ಮೂವತ್ತೆರಡನೆಯ ದಿನ ಮುಟ್ಟಾಯಿತು. ಔಷಧಿ ಇಲ್ಲದೆ, ತಾನಾಗಿ. ಹಿತ್ತಲಿನಲ್ಲಿ ಒಬ್ಬಳೇ ಕೂತು ನಕ್ಕೆ, ಅತ್ತುಬಿಟ್ಟೆ. ಮುಂದಿನ ತಿಂಗಳೂ ಬಂತು, ಅದರ ಮುಂದಿನ ತಿಂಗಳೂ ಬಂತು. ನಾನು ಪರಕಾರ ಮುಚ್ಚುವುದನ್ನೇ ಬಿಟ್ಟೆ. ನೋಡಿಕೊಳ್ಳಲಿ ಎಂದು ತಂತಿಯ ನಡುವೆಯೇ ಹಾಕುತ್ತಿದ್ದೆ. ಅತ್ತೆಯೂ ನೋಡಿದರು. ಬೈಲಹೊಂಗಲದ ತಮ್ಮನಿಗೆ ಸ್ವಲ್ಪ ತಡೆ ಎಂದು ಹೇಳಿ ಕಳಿಸಿದರಂತೆ. ಆ ಬಟ್ಟೆ ತಂತಿಯ ಮೇಲಿರುವ ತನಕ ನಾನು ಆ ಮನೆಯ ಒಬ್ಬಳೇ ಸೊಸೆ.

ಎಂಟನೆಯ ತಿಂಗಳು ಮುಟ್ಟು ಬರಲಿಲ್ಲ.

ಮತ್ತೆ ಮೊದಲಿನಂತೆ. ಡಾಕ್ಟರ್ ಬಾಯಿ ಹೇಳಿದ್ದೇ ಆಯಿತು. ಆ ತಿಂಗಳು ಹಳೆಯ ವಿದ್ಯೆಯಂತೆ ಒಣ ಬಟ್ಟೆ ಅದ್ದಿ ತಂತಿಗೆ ಹಾಕಿದೆ. ಮುಂದಿನ ತಿಂಗಳೂ ಬರಲಿಲ್ಲ. ಅತ್ತೆ ಕೊಟ್ಟ ಎರಡು ವರ್ಷ ಮುಗಿಯಲು ಇನ್ನು ಸ್ವಲ್ಪವೇ ದಿನ. ಡಾಕ್ಟರ್ ಬಾಯಿಯ ಹತ್ತಿರ ಹೋದರೆ ಅತ್ತೆ ಜೊತೆಗೆ ಬರುತ್ತಾರೆ, ಆಪರೇಷನ್ ಕೆಟ್ಟಿತು ಎಂಬುದು ಅವರ ಕಿವಿಗೆ ಬೀಳುತ್ತದೆ. ಬಸುರಿರಬಹುದೇ ಎಂದು ಒಂದು ಕ್ಷಣವೂ ಅನಿಸಲಿಲ್ಲವೇ ಎಂದರೆ, ಅನಿಸಿತು. ಅನಿಸಿದ ಕೂಡಲೇ ನಲ್ಲಿಯ ಹತ್ತಿರದ ನಗು ಕೇಳಿಸಿತು. ಆ ಆಸೆಯನ್ನು ನಾನೇ ಬಾಯಿಮುಚ್ಚಿ ಕೂಡಿಸಿದೆ.

ಪಂಚಮಿಗೆಂದು ತವರಿಗೆ ಹೋದೆ. ಡಾಕ್ಟರ್ ಬಾಯಿಯ ಆ ಹಳೆಯ ಚೀಟಿ ಜೊತೆಗಿತ್ತು. ಮಾಸಿ ಮಡಿಕೆ ಹರಿದಿದ್ದರೂ ಖಾನಾಪುರದ ಔಷಧಿ ಅಂಗಡಿಯವನು ಏನೂ ಕೇಳದೆ ಗುಳಿಗೆ ಕೊಟ್ಟ. ಅವ್ವ ನೋಡಿದಳು. ಉಂಡಿ ಕಟ್ಟುತ್ತಿದ್ದ ಕೈ ನಿಲ್ಲಿಸಿ ಮೆಲ್ಲಗೆ ಕೇಳಿದಳು.

"ಎರಡ ತಿಂಗಳಾತು ಅಂತೀ. ಈ ಸಲ ಖರೇನ ಇದ್ದರ? ಡಾಕ್ಟರಿಗೆ ತೋರಿಸೂಣ ತಡಿ."

"ಯಾಕ, ಇನ್ನೊಂದ ಕುಬಸಾ ಮಾಡಬೇಕಾಗೇತೇನ ನಿನಗ?" ಎಂದೆ.

ಅವ್ವನ ಮುಖ ಬಿಳಿಚಿತು. ಮತ್ತೆ ಉಂಡಿ ಕಟ್ಟತೊಡಗಿದಳು. ನನ್ನ ಜೀವನದಲ್ಲಿ ನಾನಾಡಿದ ಮಾತುಗಳಲ್ಲಿ ಒಂದನ್ನು ವಾಪಸು ತೆಗೆದುಕೊಳ್ಳಲು ಬರುವುದಿದ್ದರೆ ಅದನ್ನು ತೆಗೆದುಕೊಳ್ಳುತ್ತೇನೆ.

ಗುಳಿಗೆ ನುಂಗಿದೆ. ವಾರವಾದರೂ ಮುಟ್ಟು ಬರಲಿಲ್ಲ. ಮೊದಲೆಲ್ಲ ಹೀಗಾಗಿರಲಿಲ್ಲ. ಅಷ್ಟಕ್ಕಾದರೂ ನನಗೆ ಬುದ್ಧಿ ಬರಬೇಕಿತ್ತು. ಬದಲಿಗೆ ಉಷ್ಣದ ಪದಾರ್ಥ ಎಂದು ಹೆಂಗಸರು ಹೇಳುವುದನ್ನೆಲ್ಲ ತಿಂದೆ. ಎಳ್ಳು, ಬೆಲ್ಲ, ಪಪ್ಪಾಯಿ, ಹೊಟ್ಟೆ ಬಿರಿಯುವಷ್ಟು. ಬಾ, ಬಾ ಎಂದು ಮುಟ್ಟನ್ನು ಕರೆಯುತ್ತಿದ್ದೆ. ಬಟ್ಟೆ ಒದ್ದೆಯಾಗಿದೆಯೋ ಎಂದು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಬಂತು. ಬಚ್ಚಲಿನಲ್ಲಿ ಮೊದಲ ಕಲೆ ನೋಡಿ ನಾನು ಶಿವನೇ ಎಂದು ಕೈಮುಗಿದೆ. ಸಂಜೆಯ ಹೊತ್ತಿಗೆ ನೋವು ಸೊಂಟ ಹಿಡಿದು ಎದ್ದು ನಿಲ್ಲಲಾಗಲಿಲ್ಲ. ಅಪ್ಪ ಕಾರ್ಖಾನೆಯ ಜೀಪು ತಂದ. ಅವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಾವಿಯ ತನಕ ನೆತ್ತಿ ಸವರುತ್ತಾ ಕೂತಿದ್ದಳು. ಅವಳಿಗೆ ತಿಳಿದಿತ್ತು.

ಗಂಡನಿಗೂ ಅತ್ತೆಗೂ ಸುದ್ದಿ ಹೋಗಿ ಅವರೂ ಬಂದರು. ಡಾಕ್ಟರ್ ಬಾಯಿ ಎಲ್ಲ ಮುಗಿಸಿ ಹೊರಗೆ ಬಂದು ನಿಂತರು. ಬಾಗಿಲು ತೆರೆದೇ ಇತ್ತು, ನನಗೆ ಪ್ರತಿ ಮಾತೂ ಕೇಳಿಸಿತು.

"ಉಳೀಲಿಲ್ಲರೀ. ಆದ್ರ ಈ ಸಲ ಖರೇನ ಬಸರಿದ್ದರು. ಹತ್ತತ್ರ ಮೂರು ತಿಂಗಳು ಆಗಿತ್ತು. ಆಪರೇಷನ್ ಹತ್ತೇತಿ, ಧೈರ್ಯಾ ತಗೋರಿ."

ನಾನು ಅಳು ಬರುತ್ತದೆ, ಬೈಗುಳ ಬರುತ್ತದೆ ಎಂದು ಕಾದೆ. ಅತ್ತೆ ಒಳಗೆ ಬಂದವರೇ ನನ್ನ ಎರಡೂ ಕೆನ್ನೆ ಸವರಿ ತಮ್ಮ ಹಣೆಗೆ ಬೆರಳು ಒತ್ತಿ ನೆಟಿಗೆ ಮುರಿದರು. ಅವರ ಕಣ್ಣಲ್ಲಿ ನೀರಿತ್ತು, ಸಂತೋಷದ ನೀರು.

"ಬಂಜಿ ಅಲ್ಲ ನನ್ನ ಸೊಸಿ. ಒಮ್ಮೆ ನಿಂತಿದ್ದು ಇನ್ನೊಮ್ಮೆ ನಿಲ್ಲತೈತಿ. ಅಳಬ್ಯಾಡ ನಮ್ಮವ್ವ, ನನ್ನ ತಮ್ಮಗ ನಾಳೇನ ಹೇಳಿ ಕಳಸತೇನಿ, ಮಗಳಿಗೆ ಬ್ಯಾರೇ ಕಡೆ ನೋಡು ಅಂತ."

ನಲ್ಲಿಯ ಹತ್ತಿರ ಸುಳ್ಳ ಬಸರಿ ಎಂಬ ಹೆಸರೂ ಅವತ್ತಿಗೆ ಸತ್ತಿತು. ಅತ್ತೆ ಮನೆಮನೆಗೆ ಹೋಗಿ ಹೇಳಿದರಂತೆ, ಈ ಸಲ ಖರೇ ಇತ್ತು, ಡಾಕ್ಟರೇ ಹೇಳ್ಯಾರ ಎಂದು. ನಾನು ಆ ಮನೆಯಲ್ಲಿ ಉಳಿದೆ, ಒಬ್ಬಳೇ ಸೊಸೆಯಾಗಿ, ಅವರು ಸಾಯುವ ತನಕ. ನನ್ನ ಜಾಗ ಉಳಿಸಿಕೊಟ್ಟದ್ದು ಆ ಕೂಸು.

ಎರಡನೆಯ ದಿನ ಡಾಕ್ಟರ್ ಬಾಯಿ ಒಬ್ಬರೇ ಬಂದು ಮಂಚದ ಅಂಚಿಗೆ ಕೂತು, "ಬಿದ್ದಿದ್ರೇನು? ಏನರ ತಗೊಂಡಿದ್ರೇನು?" ಎಂದು ಕೇಳಿದರು. ಇಲ್ಲ ಎಂದೆ. ಈ ಕಾಯಿಲೆ ಇದ್ದವರಿಗೆ ಒಮ್ಮೊಮ್ಮೆ ತಾನಾಗಿಯೂ ಹೋಗುತ್ತದೆ ಎಂದು ಅವರು ಎದ್ದರು. ಗುಳಿಗೆಯ ಮಾತು ಹೇಳಿದ್ದರೆ, ಅದರಿಂದಲ್ಲ ಬಿಡು ಎನ್ನುತ್ತಿದ್ದರೋ ಏನೋ. ಅದರಿಂದಲೇ ಎಂದುಬಿಟ್ಟರೆ ಎಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ಅವ್ವನೂ ಕೊನೆಯ ತನಕ ಯಾರಿಗೂ ಹೇಳಲಿಲ್ಲ, ನನಗೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯಿಂದ ಮನೆಗೆ ಬರುವಾಗ ರಿಕ್ಷಾದಲ್ಲಿ ನನ್ನ ಗಂಡ ನನ್ನ ಕೈ ಹಿಡಿದುಕೊಂಡರು. ಹಾಡುಹಗಲು, ಬೀದಿಯಲ್ಲಿ, ಜನ ನೋಡುವಂತೆ ಅವರು ನನ್ನ ಕೈ ಹಿಡಿದದ್ದು ಅದೊಂದೇ ಸಲ. "ಇನ್ನೊಮ್ಮೆ ನಿಲ್ಲತೈತಿ ತಗೋ" ಎಂದರು, ತಾಯಿಯ ಮಾತನ್ನೇ. ಅವರ ಮುಖದಲ್ಲಿ ಅಂಥ ಬೆಳಕಿತ್ತು. ಇನ್ನೊಮ್ಮೆ ನಿಲ್ಲಲಿಲ್ಲ. ಎಷ್ಟೋ ವರ್ಷ ಅವರು ಕಾಯುತ್ತಲೇ ಇದ್ದರು. ಅವರು ಕಾಯುತ್ತಿದ್ದರೆಂದೇ ಗುಳಿಗೆಯ ಮಾತು ನಾನು ಹೇಳಲಿಲ್ಲ.